ಗೊದ್ದದ ರಾಣಿಯೂ ನಮ್ಮಕ್ಕನೂ

ಮಠದ ಪಾಠಶಾಲೆಯಲ್ಲಿ ಕಲಿತು, ನಾಲ್ಕು ದಶಕಗಳ ಕಾಲ ಮಕ್ಕಳಿಗೆ ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳಿದ ನಾವು ಅರವತ್ತು ದಾಟಿದ ಮೇಲೆ ಇರುವೆ ಸಾಕಲು ಹೊರಟೆವೆಂದರೆ ಓದುಗ ಬಂಧುಗಳು ನಗಬಹುದು. ನಮ್ಮ ಮನೆಯವರು ನಕ್ಕರು. ನೆರೆಯವರು ನಗದೆ ಸುಮ್ಮನಿದ್ದರು, ಅದು ನಗುವುದಕ್ಕಿಂತ ಕಷ್ಟವಾಯಿತು. ಆದರೂ ಈ ಮೂರು ವರ್ಷಗಳಲ್ಲಿ ಆ ಸಣ್ಣ ಗಾಜಿನ ನಳಿಕೆಯಲ್ಲಿ ನಾವು ಕಂಡದ್ದನ್ನೂ, ಅದರಿಂದ ನಮ್ಮ ಮನೆತನದ ಒಂದು ಹಳೆಯ ಲೆಕ್ಕ ಮತ್ತೆ ತೆರೆದುಕೊಂಡದ್ದನ್ನೂ ಬರೆದಿಡಬೇಕೆನಿಸಿದೆ.

ಇದು ಪ್ರಾರಂಭವಾದದ್ದು ಹಿರಿಯೂರಿನಲ್ಲಿ. ನಮ್ಮ ಮಗಳನ್ನು ಅಲ್ಲಿಗೆ ಕೊಟ್ಟಿದ್ದೇವೆ. 2022ರ ಜೂನ್ ತಿಂಗಳಲ್ಲಿ ಹೋಗಿದ್ದಾಗ ಒಂದು ಸಂಜೆ ಮೃಗಶಿರ ಮಳೆ ಹುಯ್ದು ಬಿಟ್ಟಿತ್ತು. ಬೀದಿಯ ದೀಪದ ಸುತ್ತ ರೆಕ್ಕೆಯ ಹುಳುಗಳು ಮುತ್ತಿದ್ದವು. ಮಾರನೆಯ ಬೆಳಿಗ್ಗೆ, ಆಗ ಒಂಬತ್ತು ವರ್ಷದವನಾಗಿದ್ದ ನಮ್ಮ ಮೊಮ್ಮಗ ಗುಳಿಗೆಯ ಖಾಲಿ ಡಬ್ಬಿಯೊಂದನ್ನು ತಂದು ನಮ್ಮ ಮುಂದೆ ಹಿಡಿದ.

"ಅಜ್ಜ, ಇದು ಗೊದ್ದದ ರಾಣಿ. ರೆಕ್ಕೆ ತಾನೇ ಕಿತ್ತುಕೊಂಡೈತೆ."

ಡಬ್ಬಿಯೊಳಗೆ ಬೆರಳಿನ ಅರ್ಧ ಗೆಣ್ಣಿಗಿಂತ ಉದ್ದವಾದ ಕಪ್ಪು ಇರುವೆಯೊಂದಿತ್ತು. ಬೆನ್ನು ಉಬ್ಬಿತ್ತು, ಹೊಟ್ಟೆ ತುಂಬಿಕೊಂಡಿತ್ತು. ನಮ್ಮ ಸೀಮೆಯಲ್ಲಿ ಈ ದೊಡ್ಡ ಕರಿಯ ಇರುವೆಗೆ ಗೊದ್ದವೆನ್ನುತ್ತಾರೆ, ಕೆಲವು ಕಡೆ ಕಟ್ಟಿರುವೆಯೆಂದೂ ಹೇಳುವುದುಂಟು. ಬೆಲ್ಲದ ಡಬ್ಬಿಗೂ ಬೇವಿನ ಮರದ ಬುಡಕ್ಕೂ ಸಮಾನವಾಗಿ ಹತ್ತುವ ಈ ಜೀವಿಯನ್ನು ಅರಿಯದ ಮನೆ ನಮ್ಮ ಜಿಲ್ಲೆಯಲ್ಲಿಲ್ಲ. ಇಂಗ್ಲಿಷಿನವರು ಇದರ ಕುಲಕ್ಕೆ ಬಡಗಿ ಇರುವೆ ಎಂದು ಹೆಸರಿಟ್ಟಿದ್ದಾರೆ. ಈ ಕುಲದ ಹಲವು ಇರುವೆಗಳು ಮರದೊಳಗೆ ಸುರಂಗ ಕೊರೆದು ವಾಸಿಸುತ್ತವೆಯಾದ್ದರಿಂದ ಆ ಹೆಸರು. ಆಗಲೂ ಅವು ಮರವನ್ನು ಕೊರೆಯುತ್ತವೆಯೇ ಹೊರತು ತಿನ್ನುವುದಿಲ್ಲ. ಲೋಕದಲ್ಲಿ ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆಯಂತೆ. ನಮ್ಮ ಗೊದ್ದವನ್ನು ಡೆನ್ಮಾರ್ಕಿನ ವಿದ್ವಾಂಸ ಫ್ಯಾಬ್ರಿಸಿಯಸ್ 1787ರಲ್ಲಿಯೇ ವರ್ಣಿಸಿ ಹೆಸರು ಕೊಟ್ಟಿದ್ದಾನೆ. ಅದು ಮರದ ಬುಡದಲ್ಲಿ ನೆಲವನ್ನು ತೋಡಿ ಮನೆ ಮಾಡುವಂಥದು. ನಮ್ಮ ಮನೆಯವರು ತಮ್ಮ ತವರಿನಿಂದ ಬಂದ ತೇಗದ ಪೆಟ್ಟಿಗೆಯನ್ನು ಕುರಿತು ಬಹಳ ಕಳವಳಪಟ್ಟಿದ್ದರು. ಪೆಟ್ಟಿಗೆಗೆ ಶತ್ರು ಗೆದ್ದಲೇ ಹೊರತು ಗೊದ್ದವಲ್ಲವೆಂದೂ, ಇರುವೆಗಳು ಗೆದ್ದಲನ್ನು ಹಿಡಿದು ತಿನ್ನುತ್ತವೆಯೆಂದೂ ತಿಳಿಸಿ ಹೇಳಲು ನಮಗೆ ಒಂದು ವಾರ ಹಿಡಿಯಿತು.

ಇರುವೆಗೆ ರೆಕ್ಕೆ ಬರುವುದು ಸಾಯುವ ಕಾಲಕ್ಕೆ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿದೆ. ಗಂಡಿನ ಮಟ್ಟಿಗೆ ಅದು ಅಕ್ಷರಶಃ ಸತ್ಯ. ಆಕಾಶದಲ್ಲಿ ಹೆಣ್ಣನ್ನು ಕೂಡಿದ ಮೇಲೆ ಅದು ಹೆಚ್ಚು ಕಾಲ ಬದುಕುವುದಿಲ್ಲ. ಹೆಣ್ಣಿಗೆ ಮಾತ್ರ ರೆಕ್ಕೆ ಹೋದ ಮೇಲೆಯೇ ಸಂಸಾರ. ನೆಲಕ್ಕಿಳಿದು, ತನ್ನ ರೆಕ್ಕೆಗಳನ್ನು ತಾನೇ ಮುರಿದು ಹಾಕಿ, ಒಂದು ಬಿಲ ತೋಡಿ, ಒಳಗಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಒಂದು ಹಾರಾಟದಲ್ಲಿ ಪಡೆದ ಬೀಜವನ್ನು ಜೀವಮಾನವಿಡೀ ತನ್ನೊಳಗೆ ಕಾಪಾಡಿಕೊಂಡು ಮೊಟ್ಟೆಯಿಡುತ್ತದೆ. ಇವೆಲ್ಲವನ್ನೂ ನಾವು ಆಮೇಲೆ ತಿಳಿದುಕೊಂಡೆವು. ಮೊದಲೇ ತಿಳಿದಿದ್ದರೆ ಆ ಹಿರಿಯೂರಿನ ರಾಣಿ ಬದುಕುತ್ತಿತ್ತು.

ಏಕೆಂದರೆ ಅದನ್ನು ನಾವು ನಮ್ಮ ಕರುಣೆಯಿಂದಲೇ ಕೊಂದೆವು. ದುರ್ಗಕ್ಕೆ ತಂದು, ಗಾಜಿನ ಜಾಡಿಯೊಂದರಲ್ಲಿ ಮಣ್ಣು ಹಾಕಿ ಬಿಟ್ಟೆವು. ಮನೆಗೆ ಬಂದ ಜೀವ ಉಪವಾಸವಿರಬಾರದೆಂಬುದು ನಮ್ಮ ಮನೆಗಳ ಸಂಸ್ಕಾರವಲ್ಲವೇ? ದಿನಕ್ಕೆರಡು ಸಲ ಮುಚ್ಚಳ ತೆಗೆದು ಬೆಲ್ಲದ ಪಾಕವಿಟ್ಟೆವು, ಒಮ್ಮೆ ಹಾಲನ್ನೂ ಇಟ್ಟೆವು. ಬಂದ ಅತಿಥಿಗಳಿಗೆಲ್ಲ ಜಾಡಿಯನ್ನೆತ್ತಿ ಬೆಳಕಿಗೆ ಹಿಡಿದು ತೋರಿಸಿದೆವು. ಆರನೆಯ ದಿನ ಅದು ನಾಲ್ಕು ಮೊಟ್ಟೆಗಳನ್ನಿಟ್ಟಿತು. ಮೊಮ್ಮಗನಿಗೆ ದೂರವಾಣಿಯಲ್ಲಿ ತಿಳಿಸಿದೆವು. ಹನ್ನೆರಡನೆಯ ದಿನ ಮೊಟ್ಟೆಗಳಿರಲಿಲ್ಲ. ರಾಣಿಯೇ ಅವನ್ನು ತಿಂದಿತ್ತು. ಪಾಕ ಹುಳಿತು ಬೂಷ್ಟು ಹಿಡಿದು ಮಣ್ಣಿಗೆಲ್ಲ ಹರಡಿತು. ಇಪ್ಪತ್ತಾರನೆಯ ದಿನ ಬೆಳಿಗ್ಗೆ ಅದು ಕಾಲು ಮಡಿಸಿ ಬಿದ್ದಿತ್ತು.

ತನ್ನ ಮೊಟ್ಟೆಯನ್ನು ತಾನೇ ತಿನ್ನುವ ತಾಯಿಯೆಂದು ನಾವು ಆ ದಿನ ಹೇಸಿದ್ದುಂಟು. ಕೃಷಿ ವಿಜ್ಞಾನ ಓದಿದ ಮಿತ್ರರೊಬ್ಬರು ನಮ್ಮನ್ನು ತಿದ್ದಿದರು. ಅಲುಗಾಟ, ಬೆಳಕು, ಭಯ ಇವು ಹೆಚ್ಚಾದಾಗ ರಾಣಿ ಇಲ್ಲಿ ಮಕ್ಕಳು ಬದುಕಲಾರವೆಂದು ತೀರ್ಮಾನಿಸುತ್ತದೆ. ಆಗ ಆ ಸತ್ತ್ವ ವ್ಯರ್ಥವಾಗದಂತೆ ಮರಳಿ ತನ್ನೊಳಕ್ಕೆ ತೆಗೆದುಕೊಂಡು ಇನ್ನೊಂದು ಸಲ ಪ್ರಯತ್ನಿಸಲು ನೋಡುತ್ತದೆ ಎಂದರು. "ತಾವು ಅದಕ್ಕೆ ಅನ್ನ ಕೊಟ್ಟಿರಿ ಸ್ವಾಮಿ, ಏಕಾಂತ ಕೊಡಲಿಲ್ಲ" ಎಂದರು. ಅವರೇ ನಮಗೆ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಎಂಬವರು ದಕ್ಷಿಣ ಭಾರತದ ಇರುವೆಗಳನ್ನು ಕುರಿತು 2006ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕೈಪಿಡಿಯನ್ನು ತಂದುಕೊಟ್ಟರು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆವು.

ಆ ವರ್ಷ ಮಳೆಯೂ ಅಪರೂಪದ್ದು. ಸೆಪ್ಟೆಂಬರ್ ಆರಂಭದಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ, ಎಂಬತ್ತೊಂಬತ್ತು ವರ್ಷಗಳ ಮೇಲೆ, ಕೋಡಿ ಬಿತ್ತು. ಸುತ್ತಿನ ಊರುಗಳೆಲ್ಲ ಎದ್ದು ನೋಡಲು ಬಂದವು, ನಾವೂ ಹೋಗಿದ್ದೆವು. ಜನವೆಲ್ಲ ನೀರನ್ನು ನೋಡುತ್ತಿದ್ದರೆ ನಮ್ಮ ಮೊಮ್ಮಗ ಮಾತ್ರ ನೆಲವನ್ನು ನೋಡುತ್ತ ನಡೆಯುತ್ತಿದ್ದ. "ಏನು ಹುಡುಕುತ್ತೀಯೋ?" ಎಂದರೆ, "ಇನ್ನೊಂದು ರಾಣಿ" ಎಂದ. ನಾವು ಕೊಂದದ್ದನ್ನು ಅವನು ಮರೆತಿರಲಿಲ್ಲ, ನಮ್ಮನ್ನು ದೂರಿಯೂ ಇರಲಿಲ್ಲ.

ಎರಡನೆಯದು ಸಿಕ್ಕಿದ್ದು 2023ರ ಮೇ ಕೊನೆಯಲ್ಲಿ, ರೋಹಿಣಿ ಮಳೆ ಹುಟ್ಟಿದ ಮೂರನೆಯ ದಿನ, ದುರ್ಗದ ನಮ್ಮ ಮನೆಯ ಅಂಗಳದಲ್ಲಿಯೇ. ರಜೆಗೆ ಬಂದಿದ್ದ ಮೊಮ್ಮಗ ಕೈದೀಪ ಹಿಡಿದು ಹುಡುಕಿದ. ಈ ಸಲ ಜಾಡಿಯಿಲ್ಲ, ಮಣ್ಣಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿರುವಂಥ ಒಂದು ಗಾಜಿನ ನಳಿಕೆಯನ್ನು ತಂದೆವು. ಅದರ ಮೂರರಲ್ಲೊಂದು ಭಾಗ ನೀರು ತುಂಬಿ, ನೀರು ಜಿನುಗುವಂತೆಯೂ ಹರಿಯದಂತೆಯೂ ಹತ್ತಿಯನ್ನು ಒತ್ತಿ ಕೂರಿಸಿ, ಒಣ ಭಾಗದಲ್ಲಿ ರಾಣಿಯನ್ನು ಬಿಟ್ಟು, ಬಾಯಿಗೆ ಮತ್ತೊಂದು ಹತ್ತಿಯ ಉಂಡೆಯನ್ನಿಟ್ಟೆವು. ಕಪ್ಪು ಬಟ್ಟೆ ಸುತ್ತಿ, ಪುಸ್ತಕದ ಬೀರುವಿನ ಕೆಳಗಿನ ಅರೆಯಲ್ಲಿ, ಯಾರೂ ತೆಗೆಯದ ಹಳೆಯ ಪಂಚಾಂಗಗಳ ಹಿಂದೆ ಇರಿಸಿದೆವು. ಅನ್ನವಿಲ್ಲ. ವಾರಕ್ಕೊಮ್ಮೆ, ಸೋಮವಾರ ಪೂಜೆಯಾದ ಮೇಲೆ, ಅರ್ಧ ನಿಮಿಷ ನೋಡುವುದು. ಇಷ್ಟೇ ವ್ರತ.

ಈ ವ್ರತ ಎಷ್ಟು ಕಠಿಣವೆಂಬುದನ್ನು ಮಾಡಿದವರೇ ಬಲ್ಲರು. ಕೈ ತಾನಾಗಿಯೇ ಬೀರುವಿನ ಕಡೆಗೆ ಹೋಗುತ್ತದೆ. ನಾವು ಹತ್ತು ವರ್ಷದವರಾಗಿ ಮಠಕ್ಕೆ ಸೇರಿದಾಗ ನಮಗೆ ಅಕ್ಷರ ಹೇಳಿದ ಹಿರಿಯರು, ಆ ದಿನ ಕಲಿತದ್ದನ್ನು ಆ ರಾತ್ರಿಯೇ ಒಪ್ಪಿಸಿ ಎನ್ನುತ್ತಿರಲಿಲ್ಲ. ಮೂರು ದಿನ ಬಿಟ್ಟು ಕೇಳುತ್ತಿದ್ದರು. ಅವರ ಪಾಠದ ಕ್ರಮದಲ್ಲಿ ಸೋಮಾರಿತನವಿದೆಯೆಂದು ನಾವು ಬಾಲಬುದ್ಧಿಯಿಂದ ತಿಳಿದಿದ್ದೆವು. ಐವತ್ತು ವರ್ಷಗಳ ಮೇಲೆ ಪಂಚಾಂಗಗಳ ಹಿಂದೆ ಕೈ ಹಾಕಲು ಹೋಗಿ ಹಿಂತೆಗೆದುಕೊಳ್ಳುವಾಗ ಅವರು ನೆನಪಾದರು.

ಆ ಕತ್ತಲೆಯಲ್ಲಿ ನಡೆಯುವುದಾದರೂ ಏನು? ರಾಣಿಗೆ ಇನ್ನು ಹಾರುವ ಕೆಲಸವಿಲ್ಲ. ಆದ್ದರಿಂದ ಹಾರಾಟಕ್ಕೆಂದು ಬೆಳೆದಿದ್ದ ಎದೆಯ ದೊಡ್ಡ ಸ್ನಾಯುಗಳು ದೇಹದೊಳಗೇ ಕರಗುತ್ತವೆ. ಆ ಸತ್ತ್ವವೂ, ಹೊಟ್ಟೆಯಲ್ಲಿ ಕೂಡಿಟ್ಟ ಕೊಬ್ಬೂ ಸೇರಿ ಮೊಟ್ಟೆಯಾಗುತ್ತದೆ, ಮರಿಹುಳುಗಳಿಗೆ ಬಾಯಿಂದ ಬಾಯಿಗೆ ಕೊಡುವ ಆಹಾರವಾಗುತ್ತದೆ. ತಿಂಗಳುಗಟ್ಟಲೆ ಹೊರಗಿನ ಒಂದು ಕಾಳೂ ಅದರ ಬಾಯಿಗೆ ಹೋಗುವುದಿಲ್ಲ. ಹಾರಲು ಇದ್ದುದನ್ನೇ ಕರಗಿಸಿ ಮಕ್ಕಳಿಗೆ ಉಣಿಸುವುದೆಂದರೆ ಇದು. ಕವಿಗಳು ಹೇಳಿದ್ದರೆ ಉತ್ಪ್ರೇಕ್ಷೆಯೆನ್ನುತ್ತಿದ್ದೆವು.

ಮೊದಲನೆಯ ಸೋಮವಾರವೇ ಐದು ಮೊಟ್ಟೆಗಳಿದ್ದವು, ಬಿಳಿಯ ಜೀರಿಗೆಯಂತೆ. ಮೂರನೆಯ ವಾರ ಅವುಗಳಲ್ಲಿ ಕೆಲವು ಬಾಗಿದ ಮರಿಹುಳುಗಳಾಗಿದ್ದವು. ಐದನೆಯ ವಾರದ ಹೊತ್ತಿಗೆ ಕಂದು ಬಣ್ಣದ ಸಣ್ಣ ಗೂಡುಗಳು ಕಂಡವು. ರೇಷ್ಮೆ ಹುಳು ಸಾಕಿದ ನಮ್ಮ ಹಿರಿಯೂರು ಕಡೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಗೊದ್ದದ ಮರಿಯೂ ತನ್ನ ಸುತ್ತ ನೂಲು ಸುತ್ತಿಕೊಂಡು ಒಳಗೆ ಮಲಗುತ್ತದೆ. ಜನರು ಇರುವೆಯ ಮೊಟ್ಟೆಯೆಂದು ತೋರಿಸುವುದು ಬಹಳ ಸಲ ಈ ಗೂಡನ್ನೇ. ನಲವತ್ತೇಳನೆಯ ದಿನ ರಾಣಿ ಒಂದು ಗೂಡಿನ ತುದಿಯನ್ನು ಕಚ್ಚಿ ಹರಿಯುತ್ತಿತ್ತು. ಅಂದು ಸೋಮವಾರವಾಗಿರಲಿಲ್ಲ. ವ್ರತಭಂಗವನ್ನು ಒಪ್ಪಿಕೊಳ್ಳುತ್ತೇವೆ. ಮಸುಕು ಬಣ್ಣದ, ಕಾಲು ನೆಟ್ಟಗಾಗದ ಒಂದು ಇರುವೆ ಹೊರಬಂದಿತು.

ನಮಗೆ ಮೊದಲು ಆದದ್ದು ನಿರಾಶೆ. ಅಷ್ಟು ದೊಡ್ಡ ರಾಣಿಯ ಮಗಳು ಇಷ್ಟು ಸಣ್ಣದೇ? ಅಂಗಳದಲ್ಲಿ ಓಡಾಡುವ ಗೊದ್ದದ ಅರ್ಧದಷ್ಟಿತ್ತು. ಎರಡು ವಾರಗಳಲ್ಲಿ ಇನ್ನೂ ಆರು ಬಂದವು, ಅವೂ ಅಷ್ಟೇ. ಏನೋ ತಪ್ಪಾಗಿದೆಯೆಂದು ಮಿತ್ರರನ್ನು ಕೇಳಿದೆವು. ತಪ್ಪೇನೂ ಆಗಿಲ್ಲ, ಮೊದಲ ಸಂತತಿ ಯಾವಾಗಲೂ ಹೀಗೆಯೇ ಎಂದರು. ತಾಯಿಯ ಬಳಿ ಇರುವುದು ತನ್ನ ದೇಹವೊಂದೇ. ಅದರಿಂದ ಒಬ್ಬ ದೊಡ್ಡ ಮಗಳನ್ನು ಬೆಳೆಸುವುದಕ್ಕಿಂತ ಏಳೆಂಟು ಸಣ್ಣ ಮಕ್ಕಳನ್ನು ಬೆಳೆಸಿದರೆ ಮನೆ ನಿಲ್ಲುತ್ತದೆ. ಈ ಕುಳ್ಳರೇ ಮುಚ್ಚಿದ ಬಾಗಿಲನ್ನು ತೆರೆದು ಮೊದಲು ಹೊರಗೆ ಹೋಗುವವರು, ಬಡಕಲಾದ ತಾಯಿಗೆ ಮೊದಲ ತುತ್ತು ತರುವವರು, ಮುಂದಿನ ತಮ್ಮ ತಂಗಿಯರನ್ನು ಸಾಕುವವರು. ಇವರು ತಂದ ಅನ್ನದಿಂದ ಹಿಂದೆ ಬಂದವರೆಲ್ಲ ದೊಡ್ಡವರಾಗುತ್ತಾರೆ. ಇರುವೆಯ ಗೂಡಿನಲ್ಲಿ ದುಡಿಯುವುದೆಲ್ಲ ಹೆಣ್ಣೇ. ತಮ್ಮಂದಿರೆಂದು ನಾವು ಬಾಯಿತಪ್ಪಿ ಬರೆದೆವು. ಬಾಯಿತಪ್ಪಲು ಕಾರಣವಿದೆ.

ಆ ವರ್ಷ ಅಧಿಕ ಶ್ರಾವಣ ಬಂದು ನಿಜ ಶ್ರಾವಣ ಆಗಸ್ಟ್ ನಡುವಿಗೆ ಸರಿದಿತ್ತು. ಆಕಾಶದಲ್ಲಿ ಮೋಡವಿಲ್ಲ. ಹಿಂದಿನ ವರ್ಷ ಕೋಡಿ ಹರಿದ ಜಿಲ್ಲೆಯಲ್ಲಿ ಆ ವರ್ಷ ಶೇಂಗಾ ಹೂವಿನಲ್ಲಿಯೇ ಒಣಗಿತು. ಸೆಪ್ಟೆಂಬರಿನಲ್ಲಿ ಸರ್ಕಾರ ರಾಜ್ಯದ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಶ್ರಾವಣದ ಒಂದು ಸೋಮವಾರ ನಮ್ಮಕ್ಕ ಹೊಳಲ್ಕೆರೆ ಕಡೆಯ ತನ್ನ ಊರಿನಿಂದ ಬಸ್ಸಿನಲ್ಲಿ ಬಂದಳು. ಎಪ್ಪತ್ತೊಂದು ವರ್ಷ. ನಾಲ್ಕೂವರೆ ಅಡಿಯ ಜೀವ. ನಮ್ಮ ಹೆಗಲಿಗೂ ಬರುವುದಿಲ್ಲ. ಪೂಜೆಯಾದ ಮೇಲೆ ನಳಿಕೆಯನ್ನು ತೆಗೆದು, ಕನ್ನಡಕ ಕೊಟ್ಟು, ತೋರಿಸಿದೆವು.

"ದೊಡ್ಡದು ಅವ್ವ. ಈ ಏಳು ಮೊದಲ ಮಕ್ಕಳು. ಅವ್ವನಿಗೆ ಉಣ್ಣಲು ಇಲ್ಲದಾಗ ಹುಟ್ಟಿದ್ದಕ್ಕೆ ಸಣ್ಣವಾಗಿವೆ" ಎಂದೆವು.

ಅಕ್ಕ ಬಹಳ ಹೊತ್ತು ನೋಡಿದಳು. "ನನ್ನಂಗೆ ಐದಾವಲ್ಲೋ ತಮ್ಮ" ಎಂದಳು. ಎಂದು ನಕ್ಕಳು. ನಮ್ಮ ಮನೆಯವರೂ ನಕ್ಕರು. ನಮಗೆ ನಗು ಬರಲಿಲ್ಲ.

ನಮ್ಮೂರು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿ, ಕೆಂಪು ನೆಲ. 1964ರಲ್ಲಿ ತಂದೆ ತೀರಿಕೊಂಡಾಗ ಅಕ್ಕನಿಗೆ ಹನ್ನೆರಡು, ನಮಗೆ ಐದು, ತಮ್ಮನಿಗೆ ಎರಡು ವರ್ಷ. ಮರುವರ್ಷವೇ ದೇಶಕ್ಕೆಲ್ಲ ಬಂದ 1965-66ರ ಬರ. ನೆಲದಲ್ಲಿ ರಾಗಿಯಿಲ್ಲ, ಪಣತದಲ್ಲಿಯೂ ಇಲ್ಲ. ಅವ್ವನು ಆ ಎರಡು ವರ್ಷ ಏನು ಉಂಡಳೆಂಬುದನ್ನು ನಾವು ನೋಡಿಲ್ಲ. ನಮ್ಮ ಊಟವಾದ ಮೇಲೆ ಒಲೆಯ ಮುಂದೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅಕ್ಕ ಶಾಲೆ ಬಿಟ್ಟಳು. ಬರದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಹೊರಲು ಹೋದಳು. ಬೆಳೆಯುವ ವಯಸ್ಸಿನ ಹುಡುಗಿ ತಲೆಯ ಮೇಲೆ ಬುಟ್ಟಿ ಹೊತ್ತು ಸಂಜೆ ಬಂದು, ಕೂಲಿಯ ಕಾಳನ್ನು ಅವ್ವನ ಮಡಿಲಿಗೆ ಸುರಿದು, ತನ್ನ ತಟ್ಟೆಯ ಮುದ್ದೆಯನ್ನು ಮುರಿದು ನಮಗೂ ತಮ್ಮನಿಗೂ ಹಾಕುತ್ತಿದ್ದಳು. ನಾವು ಶಾಲೆಯಲ್ಲಿ ಹಾಲಿನ ಪುಡಿಯ ಹಾಲು, ಗೋಧಿಯ ಉಪ್ಪಿಟ್ಟು ತಿಂದು ಬಂದಿರುತ್ತಿದ್ದೆವು. ಅದನ್ನು ಹೇಳದೆ ಆ ಅರ್ಧ ಮುದ್ದೆಯನ್ನೂ ತಿಂದದ್ದುಂಟು. ನಾವಿಬ್ಬರೂ ಎತ್ತರವಾಗಿ ಬೆಳೆದೆವು. ಅಕ್ಕ ಬೆಳೆಯಲಿಲ್ಲ. 1969ರಲ್ಲಿ ನಮ್ಮನ್ನು ಮಠಕ್ಕೆ ಕರೆತಂದು ಬಿಟ್ಟವಳೂ ಅವಳೇ. ಅವ್ವನಿಗೆ ಆಗ ನಡೆಯಲು ಆಗುತ್ತಿರಲಿಲ್ಲ.

ಇದೆಲ್ಲ ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮಗೆ ಸನ್ಮಾನಗಳಾದಾಗ ಗುರುಗಳನ್ನು ನೆನೆದಿದ್ದೇವೆ, ಮಠದ ಅನ್ನವನ್ನು ನೆನೆದಿದ್ದೇವೆ, ಅವ್ವನನ್ನು ನೆನೆದು ಕಣ್ಣೀರು ಹಾಕಿದ್ದೇವೆ. ಅಕ್ಕನ ಹೆಸರನ್ನು ಒಂದು ವೇದಿಕೆಯಲ್ಲಿಯೂ ಹೇಳಿದ ನೆನಪಿಲ್ಲ. ಅದಕ್ಕಿಂತ ಹೆಚ್ಚಿನದೊಂದಿದೆ. 1987ರಲ್ಲಿ ಅವ್ವ ತೀರಿಕೊಂಡ ಮೇಲೆ ಆರು ಎಕರೆ ಜಮೀನನ್ನು ನಾವೂ ತಮ್ಮನೂ ಹಂಚಿಕೊಂಡೆವು. 1956ರ ಉತ್ತರಾಧಿಕಾರ ಕಾಯ್ದೆಯಂತೆ ತಂದೆಯ ಪಾಲಿನಲ್ಲಿ ಮಗಳಿಗೂ ಹಕ್ಕಿತ್ತು. ಇದು ತಿಳಿದಿದ್ದರಿಂದಲೇ ಹಕ್ಕು ಬಿಡುಗಡೆ ಪತ್ರ ಬರೆಸಿ ಅಕ್ಕನಿಂದ ಹೆಬ್ಬೆಟ್ಟು ಒತ್ತಿಸಿಕೊಂಡೆವು. ಅವಳು ಏನೆಂದು ಕೇಳಲೂ ಇಲ್ಲ. "ಎಲ್ಲಿ ಒತ್ತಬೇಕು ತೋರಿಸಪ್ಪ" ಎಂದಳು. ಒಂದು ಸೀರೆ, ಕುಪ್ಪಸ, ಉಡಿ ತುಂಬಿ ಕಳಿಸಿದೆವು. ಆ ಕಾಲದಲ್ಲಿ ಎಲ್ಲ ಮನೆಗಳಲ್ಲಿಯೂ ಹೀಗೆಯೇ ನಡೆಯುತ್ತಿತ್ತೆಂದು ಹೇಳಬಹುದು, ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆಯೆಂದು ಕೂಡ ಹೇಳಬಹುದು. ಆದರೆ ಪತ್ರವನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ಆ ದಿನ ಆ ಕೋಣೆಯಲ್ಲಿ ನಾವೊಬ್ಬರೇ ಇದ್ದೆವು.

ಅಕ್ಕ ಊರಿಗೆ ಹೋದಳು. ಇರುವೆಗಳಿಗೆ ಅನ್ನದ ಪ್ರಶ್ನೆ ಬಂತು. ಏಳು ಮಕ್ಕಳು ಹುಟ್ಟಿದ ಮೇಲೆ ಉಪವಾಸ ಮುಗಿಯಿತು. ಸಕ್ಕರೆ ನೀರನ್ನೂ ಜೇನನ್ನೂ ಅವು ಸಂತೋಷದಿಂದ ಕುಡಿದವು. ಆದರೆ ಮರಿಹುಳು ಬೆಳೆಯಲು ಅದು ಸಾಲದು, ಕೀಟದ ಮಾಂಸ ಬೇಕು. ನಮ್ಮದು ಲಿಂಗವಂತರ ಮನೆ. ಒಂದು ಜೀವವನ್ನು ಸಾಕಲು ಇನ್ನೊಂದನ್ನು ಕೊಲ್ಲುವುದೇ ಎಂದು ನಮ್ಮ ಮನೆಯವರು ನೇರವಾಗಿ ಕೇಳಿದರು. ಹೆಸರುಬೇಳೆ ಬೇಯಿಸಿ ಇಟ್ಟರು, ಮೊಸರು ಇಟ್ಟರು, ಕಡಲೆಹಿಟ್ಟನ್ನೂ ಇಟ್ಟರು. ಇರುವೆಗಳು ಮೂಸಿ ನೋಡಿ ಹೋದವು. ಕೊನೆಗೆ ದಾರಿ ತೋರಿಸಿದ್ದು ಪಡಸಾಲೆಯ ದೀಪ. ರಾತ್ರಿ ಅದಕ್ಕೆ ಬಡಿದು ತಾನಾಗಿಯೇ ಸತ್ತುಬಿದ್ದ ಹುಳುಗಳನ್ನು ಬೆಳಿಗ್ಗೆ ಕಸ ಗುಡಿಸುವ ಮೊದಲು ಆರಿಸಿಕೊಳ್ಳುವುದೆಂದು ಒಪ್ಪಂದವಾಯಿತು. ಈಸಲು ಬಿದ್ದ ದಿನ ಹಬ್ಬ. ಆರಿಸುವ ಕೆಲಸವನ್ನು ಕೆಲವು ದಿನಗಳಲ್ಲಿ ನಮ್ಮ ಮನೆಯವರೇ ವಹಿಸಿಕೊಂಡರು. ನಮ್ಮ ಕಣ್ಣಿಗೆ ಸಣ್ಣವು ಕಾಣುವುದಿಲ್ಲವೆಂದು ಅವರ ಆಕ್ಷೇಪ.

ಒಂದು ಇರುವೆ ಹೊರಗಿನಿಂದ ಹೊಟ್ಟೆ ತುಂಬಿಕೊಂಡು ಬಂದರೆ ಅದು ಅದರದೊಬ್ಬರದೇ ಊಟವಲ್ಲ. ಜೀರ್ಣವಾಗುವ ಹೊಟ್ಟೆಗೆ ಮುಂಚೆ ಅದಕ್ಕೆ ಇನ್ನೊಂದು ಚೀಲವಿದೆ, ಊರಿನ ಹೊಟ್ಟೆಯೆನ್ನಬಹುದು. ಎದುರಿಗೆ ಬಂದವರು ಮೀಸೆ ತಟ್ಟಿ ಕೇಳಿದರೆ ಆ ಚೀಲದಿಂದ ಹನಿ ತೆಗೆದು ಬಾಯಿಗೆ ಕೊಡುತ್ತದೆ. ಇದನ್ನು ಕಂಡಾಗ ದಾಸೋಹವೆಂದು ಬರೆದುಬಿಡಲು ನಮ್ಮ ಲೇಖನಿ ಹಾತೊರೆಯಿತು. ಸಭೆಗಳಲ್ಲಿ ಇರುವೆಯ ಶಿಸ್ತು, ಜೇನಿನ ಐಕ್ಯಮತ ಎಂದು ಉಪದೇಶ ಮಾಡುವವರನ್ನು ಕೇಳಿ ಕೇಳಿ ಬಂದ ಚಾಳಿ ಅದು. ಆದರೆ ಒಂದು ದಿನ ಅಂಗಳದ ಬೇರೆ ಗೂಡಿನ ಗೊದ್ದವೊಂದು ಆಕಸ್ಮಿಕವಾಗಿ ಒಳಗೆ ಬಂದಿತು. ಅದರ ಕಾಲುಗಳನ್ನು ಹಿಡಿದೆಳೆದು, ಹುಳಿ ಸಿಂಪಡಿಸಿ, ಗಳಿಗೆಯಲ್ಲಿ ಕೊಂದವು. ಅದೂ ಗೊದ್ದವೇ. ಹಸಿದು ಬಂದಿತ್ತೋ ಏನೋ. ಕೊಡದಿರಲು ಸಾಧ್ಯವಿದ್ದೂ ಕೊಡುವವರಿಗೆ ದಾಸೋಹದ ಮಾತು ಸಲ್ಲುತ್ತದೆ. ಇರುವೆಗೆ ಆ ಆಯ್ಕೆಯಿಲ್ಲ. ಅಕ್ಕನಿಗೆ ಇತ್ತು.

2024ರ ಬೇಸಿಗೆಯ ಹೊತ್ತಿಗೆ ನಳಿಕೆ ಸಾಲದಾಯಿತು. ಗಿಲಾವಿನ ಅಚ್ಚಿನಲ್ಲಿ ಕೋಣೆಗಳನ್ನು ಕೊರೆದು ಮೇಲೆ ಗಾಜು ಮುಚ್ಚುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಷಾರ್ಲ್ ಜಾನೆ ಎಂಬ ಎಂಜಿನಿಯರ್ ರೂಢಿಗೆ ತಂದನಂತೆ. ಮೊಮ್ಮಗನೂ ನಾವೂ ಎರಡು ದಿನ ಕೈ ಬಟ್ಟೆ ಬಿಳಿ ಮಾಡಿಕೊಂಡು ಅಂಥದೊಂದು ಮನೆ ಕಟ್ಟಿದೆವು. ಹಾಲಿನ ಪಾತ್ರೆಯನ್ನು ಇರುವೆಯಿಂದ ಕಾಯಲು ನೀರಿನ ತಟ್ಟೆಯಲ್ಲಿಡುವಂತೆ, ಇದನ್ನು ಮನೆಯವರಿಂದ ಕಾಯಲು ನೀರಿನ ತಟ್ಟೆಯಲ್ಲಿಟ್ಟೆವು. ಬಾಗಿಲು ಒಂದೇ, ಕಡಲೆಕಾಳು ಹೋಗುವಷ್ಟು. ಆ ವೇಳೆಗೆ ದಪ್ಪ ತಲೆಯ, ಬಲವಾದ ದವಡೆಯ ದೊಡ್ಡ ಆಳುಗಳು ಹುಟ್ಟಿದ್ದವು. ಅವುಗಳಲ್ಲೊಂದು ಯಾವಾಗಲೂ ಆ ಕಿಂಡಿಯ ಬಳಿ ನಿಂತಿರುತ್ತಿತ್ತು. ಮೊಮ್ಮಗ ಅದಕ್ಕೆ ಓಬವ್ವನ ಕಿಂಡಿಯೆಂದು ಹೆಸರಿಟ್ಟ. ದುರ್ಗದ ಗಾಳಿ ಅವನಿಗೂ ತಾಗಿದೆ.

ಹೊಸ ಮನೆಗೆ ದಾಟುವಾಗ ಎಣಿಸಿದೆವು. ಇನ್ನೂರರ ಮೇಲಿದ್ದವು. ಮೊದಲ ಏಳನ್ನು ಹುಡುಕಿದೆವು. ದೊಡ್ಡ ಗಾಜು ಹಿಡಿದು ಒಂದು ಗಂಟೆ ಕುಳಿತರೂ ಒಂದೂ ಕಾಣಲಿಲ್ಲ. ಕುಳ್ಳ ಇರುವೆಗಳು ಬೇಗ ಸವೆಯುತ್ತವೆ, ಒಂದು ವರ್ಷ ಕಂಡರೆ ಹೆಚ್ಚು. ಯಾವ ದಿನ ಯಾವುದು ಸತ್ತಿತೋ, ಯಾವುದರ ದೇಹವನ್ನು ಯಾವ ತಂಗಿ ಹೊತ್ತು ಕಸದ ಮೂಲೆಗೆ ಹಾಕಿತೋ, ದಿನವೂ ನೋಡುತ್ತಿದ್ದ ನಾವೂ ಗಮನಿಸಿರಲಿಲ್ಲ. ದೊಡ್ಡ ತಲೆಯವುಗಳನ್ನು ನೋಡುವ ಸಂಭ್ರಮದಲ್ಲಿದ್ದೆವು. ರಾಣಿ ಮಾತ್ರ ಮೊದಲಿನಂತೆಯೇ ಇತ್ತು. ರಾಣಿಗಳಿಗೆ ಆಯುಷ್ಯ ಹೆಚ್ಚು. ಇಂಗ್ಲೆಂಡಿನ ಜಾನ್ ಲಬಕ್ ಎಂಬವನು ಗಾಜಿನ ನಡುವೆ ಸಾಕಿದ ಬೇರೆ ಜಾತಿಯ ರಾಣಿಯೊಂದು ಹದಿನಾಲ್ಕು ವರ್ಷ ಮೀರಿ ಬದುಕಿತ್ತು.

ಆ ವಾರವೇ ನಾವು ಹೊಳಲ್ಕೆರೆಯ ಬಸ್ಸು ಹತ್ತಿದೆವು. ಅಕ್ಕ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. 1987ರ ಪತ್ರದಲ್ಲಿ ಏನು ಬರೆದಿತ್ತೆಂಬುದನ್ನು ಮೂವತ್ತೇಳು ವರ್ಷಗಳ ಮೇಲೆ ಅವಳಿಗೆ ಓದಿ ಹೇಳಿದೆವು. ನಮ್ಮ ಪಾಲಿನ ಮೂರು ಎಕರೆಯಲ್ಲಿ ಒಂದೂವರೆ ಎಕರೆಯನ್ನು, ತೆಂಗಿನ ಮರಗಳಿರುವ ಕಡೆಯದನ್ನು, ಅವಳ ಹೆಸರಿಗೆ ಬರೆಯುತ್ತೇವೆಂದೆವು.

"ಈಗ ಯಾಕೋ? ನಾನೇನು ಕೇಳಿದ್ನಾ?" ಎಂದಳು.

"ಕೇಳಲಿಲ್ಲ ಅಂತಲೇ" ಎಂದೆವು.

ಅವಳು ಹುಣಸೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅವತ್ತೇ ಗೊತ್ತಿತ್ತು ಕಣಪ್ಪ. ಓದೋಕೆ ಬರದಿದ್ದರೆ ಏನು, ನಿನ್ನ ಮುಖ ನೋಡಿದ್ದೆ" ಎಂದಳು. ನಾವು ತಲೆಯೆತ್ತಲಿಲ್ಲ.

ಕೆಲಸ ಇನ್ನೂ ಮುಗಿದಿಲ್ಲ. ತಮ್ಮನಿಗೆ ಇದು ಒಪ್ಪಿಗೆಯಿಲ್ಲ. ನಮ್ಮ ಪಾಲಿನಲ್ಲಿ ನಾವು ಕೊಟ್ಟರೆ ತನ್ನ ಮೇಲೆಯೂ ಮಾತು ಬರುತ್ತದೆಂಬುದು ಅವನ ಸಂಕಟ. ಪಹಣಿ ಇಂದಿಗೂ ಜಂಟಿಯಾಗಿಯೇ ಇದೆ. ಪೋಡಿಯಾಗಬೇಕು, ಅಳತೆಗೆ ಅರ್ಜಿ ಕೊಟ್ಟು ಕಾಯುತ್ತಿದ್ದೇವೆ. ಈ ಕಾಯುವಿಕೆಯಲ್ಲಿ ಪಂಚಾಂಗದ ಹಿಂದೆ ಬಚ್ಚಿಟ್ಟ ನೆಮ್ಮದಿಯಿಲ್ಲ. ನಮಗೂ ಅಕ್ಕನಿಗೂ ವಯಸ್ಸಾಗಿದೆ.

ಗೊದ್ದಗಳನ್ನು 2025ರ ಮುಂಗಾರಿನಲ್ಲಿ ನಮ್ಮ ಅಂಗಳದ ಹೊಂಗೆಯ ಬುಡಕ್ಕೆ ಬಿಟ್ಟೆವು. ಸಾವಿರ ಮುಟ್ಟಿದ್ದವು, ಗಿಲಾವಿನ ಮನೆ ಬಿರುಕು ಬಿಟ್ಟಿತ್ತು. ಈ ನೆಲದಲ್ಲಿಯೇ ಸಿಕ್ಕ ರಾಣಿಯಾದ್ದರಿಂದ ಇಲ್ಲಿಯೇ ಬಿಡುವುದು ಸರಿಯೆಂದು ಮಿತ್ರರೂ ಹೇಳಿದರು. ಅಂದು ಅಕ್ಕನೂ ಬಂದಿದ್ದಳು. ಮೊಮ್ಮಗ ಗಾಜಿನ ಮುಚ್ಚಳವನ್ನು ಸರಿಸಿ ಮನೆಯನ್ನು ಬೇರುಗಳ ನಡುವೆ ನೆರಳಿನಲ್ಲಿಟ್ಟ. ಸಂಜೆಯವರೆಗೆ ಅವು ಗೂಡುಗಳನ್ನೂ ಮರಿಗಳನ್ನೂ ಬಾಯಲ್ಲಿ ಕಚ್ಚಿಕೊಂಡು ಮಣ್ಣಿನ ಸಂದಿಗೆ ಸಾಗಿಸಿದವು. ದೀಪ ಹಚ್ಚುವ ವೇಳೆಗೆ ರಾಣಿ ಹೊರಟಿತು, ಸುತ್ತ ಹತ್ತಾರು ಮಕ್ಕಳು. ಅಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಸೆರಗನ್ನು ಮಣ್ಣಿಗೆ ತಾಗದಂತೆ ಮಡಿಲಲ್ಲಿ ಹಿಡಿದುಕೊಂಡು, ಕೊನೆಯ ಇರುವೆ ಒಳಗೆ ಹೋಗುವವರೆಗೆ ನೋಡಿದಳು. ಆಮೇಲೆ ಎದ್ದು, "ರಾತ್ರಿ ಬಸ್ಸಿಗೆ ಹೊತ್ತಾಗುತ್ತೆ, ಒಂದು ಲೋಟ ಚಹಾ ಮಾಡವ್ವ" ಎಂದು ನಮ್ಮ ಮನೆಯವರನ್ನು ಕರೆಯುತ್ತ ಒಳಗೆ ಹೋದಳು.